ಜಪಾನಿನ ಸಹಕಾರಿ ಧುರೀಣ ಕಾಗಾವಾ: ಜಮೆಯೂ ಬಾಕಿಯೂ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ನೆನಪಿಗೆ ಈ ಸಂಚಿಕೆ ತರುವಾಗ, ಸಹಕಾರಕ್ಕಾಗಿ ಬಾಳು ಸವೆಸಿದ ಹಿರಿಯರೊಬ್ಬರ ಜೀವನ ಚರಿತ್ರೆ ಇದರಲ್ಲಿ ಇರಲೇಬೇಕು ಅಂತ ಸಂಚಿಕೆ ಸಮಿತಿಯಲ್ಲಿ ಎಲ್ಲರೂ ಒಪ್ಪಿದೆವು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ವಿಷಯ ನಮಗೆಲ್ಲ ಗೊತ್ತಿದ್ದದ್ದೇ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಊರಿನ ನೇಕಾರರು ಅಂಗಡಿ ತೆರೆದ ಕಥೆಯಂತೂ ತರಬೇತಿ ಶಿಬಿರಗಳಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದೆ. ಆದ್ದರಿಂದ ಈ ಸಲ ಪೂರ್ವ ದಿಕ್ಕಿನ ಕಡೆ ನೋಡೋಣ ಅಂತ ಜಪಾನ್ ದೇಶದ ಟೊಯೊಹಿಕೊ ಕಾಗಾವಾ ಅವರನ್ನು ಆರಿಸಿಕೊಂಡೆವು. ಒಂದು ಕಾಲಕ್ಕೆ ಅವರನ್ನು ಜಪಾನಿನ ಗಾಂಧಿ ಅಂತಲೇ ಹೊರದೇಶಗಳಲ್ಲಿ ಕರೆಯುತ್ತಿದ್ದರು.

ಬರೆಯಲು ಕೂತ ಮೇಲೆ ಒಂದು ತೊಡಕು ಬಂತು. ಅವರ ಬಗ್ಗೆ ಓದುತ್ತಾ ಹೋದಂತೆ ಕೈ ಮುಗಿಯಬೇಕಾದ ಸಂಗತಿಗಳು ಹತ್ತಾರು ಸಿಕ್ಕವು. ಅವುಗಳ ಜೊತೆಗೆ ತಲೆ ತಗ್ಗಿಸಬೇಕಾದ ಒಂದು ಸಂಗತಿಯೂ ಸಿಕ್ಕಿತು. ಹಬ್ಬದ ಪುಸ್ತಕದಲ್ಲಿ ಅದೆಲ್ಲ ಯಾಕೆ, ಒಳ್ಳೇದನ್ನ ಮಾತ್ರ ಹಾಕಿದರೆ ಸಾಲದೇ ಅಂತ ಸಮಿತಿಯ ಹಿರಿಯರೊಬ್ಬರು ಹೇಳಿದರು. ಹಾಕಿದರೆ ಎರಡೂ ಹಾಕಿ, ಇಲ್ಲದಿದ್ದರೆ ಯಾವುದೂ ಬೇಡ ಅಂತ ನಮ್ಮೂರ ಕೇರಿಯಿಂದ ಬಂದ ತರುಣ ಸದಸ್ಯರೊಬ್ಬರು ಪಟ್ಟು ಹಿಡಿದರು. ಎರಡು ಸಭೆ ಆದ ಮೇಲೆ ಎರಡನ್ನೂ ಹಾಕುವುದು ಅಂತ ತೀರ್ಮಾನ ಆಯಿತು. ಯಾಕೆ ಹಾಗೆ ತೀರ್ಮಾನಿಸಿದೆವು ಅನ್ನೋದು ಕೊನೆಗೆ ತಮಗೇ ತಿಳಿಯುತ್ತದೆ.

ಹುಟ್ಟಿನ ನೋವು

ಕಾಗಾವಾ ಅವರು ಹುಟ್ಟಿದ್ದು 1888ರ ಜುಲೈ 10ರಂದು, ಕೋಬೆ ಎಂಬ ಬಂದರು ಪಟ್ಟಣದಲ್ಲಿ. ತಂದೆ ಅನುಕೂಲಸ್ಥ ವ್ಯಾಪಾರಿ. ತಾಯಿ ಆ ದೇಶದಲ್ಲಿ ಗೇಯ್ಷಾ ಅಂತ ಕರೆಯುವ, ಹಾಡು ಕುಣಿತದಿಂದ ಜೀವನ ನಡೆಸುವ ವರ್ಗದ ಹೆಣ್ಣುಮಗಳು, ಕೈ ಹಿಡಿದ ಹೆಂಡತಿಯಲ್ಲ. ಹುಡುಗನಿಗೆ ಬುದ್ಧಿ ತಿಳಿಯುವ ಮೊದಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಆಗ ಅವರನ್ನು ಟೊಕುಶಿಮಾ ಸೀಮೆಯ ಹಳ್ಳಿಗೆ, ತಂದೆಯ ಧರ್ಮಪತ್ನಿ ಇದ್ದ ಮನೆಗೆ ಕಳಿಸಿದರು. ಇಟ್ಟುಕೊಂಡವಳ ಮಗ ಅಂತ ಆಡಿಕೊಳ್ಳುವ ಬಾಯಿಗಳು ಅಲ್ಲಿ ಬೇಕಾದಷ್ಟಿದ್ದವು. ಹುಟ್ಟನ್ನು ಹಿಡಿದು ಹಂಗಿಸುವ ಮಾತು ಎಷ್ಟು ಸುಡುತ್ತದೆ ಅನ್ನೋದನ್ನ ಅವರು ಎಳವೆಯಲ್ಲೇ ಉಂಡರು. ಈ ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಅಣ್ಣನ ಕೈಯಲ್ಲಿ ಮನೆತನದ ಆಸ್ತಿ ಕರಗಿಹೋಯಿತು. ಶಾಲೆಯಲ್ಲಿದ್ದಾಗ ಇಂಗ್ಲಿಷ್ ಕಲಿಯಲು ಅಮೆರಿಕದ ಪಾದ್ರಿಗಳ ಹತ್ತಿರ ಹೋಗುತ್ತಿದ್ದ ಹುಡುಗ, ಅವರ ಪ್ರೀತಿಗೆ ಮನಸೋತು 1904ರಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ನಾನೂ ಪಾದ್ರಿ ಆಗುತ್ತೇನೆ ಅಂದಾಗ ಆಶ್ರಯ ಕೊಟ್ಟಿದ್ದ ಚಿಕ್ಕಪ್ಪ ಕೈಬಿಟ್ಟರು. ಇದರ ಮೇಲೆ ಕ್ಷಯರೋಗ ಬೇರೆ. ಬದುಕುವ ಆಸೆ ಬಿಟ್ಟು, ಸಮುದ್ರದ ದಡದಲ್ಲಿ ಬೆಸ್ತರ ಗುಡಿಸಲಿನಲ್ಲಿ ಒಬ್ಬರೇ ದಿನ ಕಳೆದದ್ದೂ ಉಂಟು. ಬದುಕಿ ಉಳಿದರೆ ಬಡವರ ನಡುವೆಯೇ ಬಾಳುತ್ತೇನೆ ಅಂತ ಆಗ ಮನಸ್ಸು ಮಾಡಿದರು.

ಕೊಳೆಗೇರಿಯ ಬದುಕು

1909ರ ಡಿಸೆಂಬರ್ 24, ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ. ಇಪ್ಪತ್ತೊಂದು ವಯಸ್ಸಿನ ಕಾಗಾವಾ ಅವರು ಕೈಗಾಡಿಯಲ್ಲಿ ಹಾಸಿಗೆ, ಬಟ್ಟೆ, ಪುಸ್ತಕ ಹೇರಿಕೊಂಡು ಕೋಬೆಯ ಶಿಂಕಾವಾ ಎಂಬ ಕೊಳೆಗೇರಿಗೆ ಬಂದರು. ಸಿಕ್ಕಿದ ಮನೆಯಲ್ಲಿ ಕೊಲೆ ನಡೆದಿತ್ತಂತೆ. ದೆವ್ವ ಇದೆ ಅಂತ ಯಾರೂ ಬಾಡಿಗೆಗೆ ಬರುತ್ತಿರಲಿಲ್ಲ, ಅದಕ್ಕೇ ಬಾಡಿಗೆ ಕಡಿಮೆ. ಆ ಪುಟ್ಟ ಕೋಣೆಗೆ ಕಜ್ಜಿ ಹಿಡಿದವನು, ಕುಡುಕ, ಭಿಕ್ಷುಕ ಯಾರೇ ಬಂದರೂ ಇಲ್ಲ ಅನ್ನಲಿಲ್ಲ. ತಮ್ಮ ಗಂಜಿಯಲ್ಲೇ ಪಾಲು ಕೊಟ್ಟರು, ತಮ್ಮ ಹಾಸಿಗೆಯಲ್ಲೇ ಮಲಗಿಸಿಕೊಂಡರು. ಜೊತೆಗಿದ್ದವರಿಂದ ಟ್ರಕೋಮಾ ಎಂಬ ಕಣ್ಣಿನ ರೋಗ ಅಂಟಿ, ಜೀವಮಾನ ಪೂರ್ತಿ ದೃಷ್ಟಿ ಮಂದವಾಯಿತು.

ಆ ಕೇರಿಯಲ್ಲಿ ನಡೆಯುತ್ತಿದ್ದ ಒಂದು ದಂಧೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಬೇಡದ ಕೂಸುಗಳನ್ನು ಸಾಕುತ್ತೇವೆ ಅಂತ ಅಷ್ಟು ಹಣ ಪಡೆದು ತಂದು, ಆಮೇಲೆ ಅನ್ನವಿಲ್ಲದೆ ಸಾಯಲು ಬಿಡುತ್ತಿದ್ದರು. ಅಂಥ ಒಂದು ಕೂಸನ್ನು ಕಾಗಾವಾ ಅವರು ತಾವೇ ಎತ್ತಿಕೊಂಡು ಬಂದು, ರಾತ್ರಿಯೆಲ್ಲ ಹಾಲು ಕುಡಿಸಿ ಉಳಿಸಿದರು.

1913ರಲ್ಲಿ ಹಾರು ಎಂಬ ಹೆಣ್ಣುಮಗಳನ್ನು ಮದುವೆಯಾದರು. ಮುದ್ರಣಾಲಯದಲ್ಲಿ ದುಡಿಯುತ್ತಿದ್ದ ಆಕೆ ಮದುವೆಯಾಗಿ ಬಂದದ್ದೂ ಅದೇ ಕೇರಿಯ ಮನೆಗೇ. ಆ ತಾಯಿಯೂ ಅದೇ ರೋಗದಿಂದ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಗಂಡನ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಹಾರು ಅವರ ತ್ಯಾಗ ಅಷ್ಟಾಗಿ ಬೆಳಕಿಗೆ ಬರಲಿಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡಬೇಕು.

ಧರ್ಮದಿಂದ ಸಂಘಟನೆಗೆ

1914ರಿಂದ 1917ರವರೆಗೆ ಅಮೆರಿಕದಲ್ಲಿದ್ದು, ಪ್ರಿನ್ಸ್‌ಟನ್‌ನಲ್ಲಿ ಓದಿ ಬಂದ ಮೇಲೆ ಅವರಿಗೆ ಒಂದು ಮಾತು ಖಚಿತವಾಯಿತು. ಗಂಜಿ ಹಾಕಿದರೆ ಇವತ್ತಿನ ಹಸಿವು ಹೋಗುತ್ತದೆ, ನಾಳೆ ಮತ್ತೆ ಬರುತ್ತದೆ. ಬಡವರು ತಾವೇ ಒಟ್ಟುಗೂಡಿ ನಿಲ್ಲದೆ ಬಡತನ ಹೋಗುವುದಿಲ್ಲ. ಅಲ್ಲಿಂದ ಅವರು ಕಾರ್ಮಿಕ ಸಂಘದ ಕೆಲಸಕ್ಕೆ ಇಳಿದರು. 1920ರಲ್ಲಿ ತಮ್ಮ ಕೇರಿಯ ಅನುಭವ ಸೇರಿಸಿ ಬರೆದ ಕಾದಂಬರಿ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಬಂದ ಹಣವನ್ನು ಸಂಘಟನೆಗೆ, ಕೇರಿಯ ಕೆಲಸಕ್ಕೆ ಸುರಿದರು.

1921 ಅವರ ಬಾಳಿನಲ್ಲಿ ದೊಡ್ಡ ವರ್ಷ. ಆ ಬೇಸಿಗೆಯಲ್ಲಿ ಕೋಬೆಯ ಕಾವಾಸಾಕಿ ಮತ್ತು ಮಿತ್ಸುಬಿಷಿ ಹಡಗು ಕಟ್ಟೆಗಳ ಸುಮಾರು 30,000 ಕಾರ್ಮಿಕರು ಮುಷ್ಕರ ಹೂಡಿದರು. ಕೈ ಎತ್ತಬೇಡಿ, ಕಲ್ಲು ಹಿಡಿಯಬೇಡಿ ಅಂತ ಹೇಳುತ್ತಾ ಕಾಗಾವಾ ಅವರು ಮುಂದೆ ನಿಂತರು. ಸರ್ಕಾರ ಅವರನ್ನು ಜೈಲಿಗೆ ಹಾಕಿತು. ಮುಷ್ಕರ ಸೋತಿತು.

ಅದೇ ವರ್ಷ ಬಿತ್ತಿದ ಇನ್ನೊಂದು ಬೀಜ ಮಾತ್ರ ಮರವಾಯಿತು. ಕೋಬೆಯಲ್ಲಿ ಒಂದು, ಪಕ್ಕದ ನಾದಾ ಪ್ರದೇಶದಲ್ಲಿ ಒಂದು, ಹೀಗೆ ಎರಡು ಬಳಕೆದಾರರ ಸಹಕಾರ ಸಂಘಗಳು ಅವರ ಮಾರ್ಗದರ್ಶನದಲ್ಲಿ ಹುಟ್ಟಿದವು. ರಾಕ್‌ಡೇಲಿನದೇ ತತ್ವ: ಒಬ್ಬ ಸದಸ್ಯನಿಗೆ ಒಂದೇ ಮತ, ತೂಕದಲ್ಲಿ ಮೋಸ ಇಲ್ಲ, ಲಾಭ ಬಂದರೆ ಕೊಂಡವರಿಗೆ ಪಾಲು. ಅಕ್ಕಿ, ಸೋಯಾ ರಸ, ಇದ್ದಲು ಇವೇ ಮನೆಬಳಕೆಯ ಸಾಮಾನುಗಳು. ನಾದಾ ಸಂಘದ ಕಥೆ ಇನ್ನೂ ಸ್ವಾರಸ್ಯ. ಒಬ್ಬ ಶ್ರೀಮಂತರು ತಮ್ಮ ಹಣವನ್ನು ಸಮಾಜಕ್ಕೆ ಹೇಗೆ ವಿನಿಯೋಗಿಸಲಿ ಅಂತ ಕೇಳಿಕೊಂಡು ಬಂದರೆ, ದಾನ ಮಾಡುವುದಕ್ಕಿಂತ ಸಹಕಾರ ಸಂಘ ಕಟ್ಟಿ ಅಂತ ಕಾಗಾವಾ ಅವರು ದಾರಿ ತೋರಿಸಿದರು.

1922ರಲ್ಲಿ ಗೆಳೆಯರ ಜೊತೆ ಸೇರಿ ಜಪಾನ್ ರೈತ ಸಂಘ ಕಟ್ಟಿದರು. ಆಗ ಅಲ್ಲಿಯ ಗೇಣಿದಾರರು ಬೆಳೆದ ಬತ್ತದಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಒಡೆಯನ ಮನೆಗೆ ಅಳೆಯಬೇಕಿತ್ತು. ಗೇಣಿಯ ಕಷ್ಟ ಕಂಡ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳಿಯ ಹುಡುಗರಿಗೆ ಬೇಸಾಯದ ಶಾಲೆ ನಡೆಸಿದರು. ಬರೀ ಬತ್ತ ನೆಚ್ಚಿಕೊಳ್ಳಬೇಡಿ, ಗುಡ್ಡದ ಇಳಿಜಾರಿನಲ್ಲಿ ಕಾಯಿ ಬಿಡುವ ಮರ ಹಾಕಿ, ಅದರ ಜೊತೆಗೆ ಆಡು, ಹಂದಿ, ಜೇನು ಸಾಕಿ ಅಂತ ಕಲಿಸಿದರು. 1923ರಲ್ಲಿ ಟೋಕಿಯೊ ಕಡೆ ಮಹಾ ಭೂಕಂಪ ಆದಾಗ ಪರಿಹಾರದ ಕೆಲಸಕ್ಕೆ ಓಡಿದರು. 1930ರ ದಶಕದ ಮೊದಲಲ್ಲಿ ಟೋಕಿಯೊದಲ್ಲಿ ಸಹಕಾರಿ ಆಸ್ಪತ್ರೆ ಕಟ್ಟುವುದಕ್ಕೂ ಮುಂದಾದರು. 1935ರ ಕೊನೆಗೆ ಅಮೆರಿಕಕ್ಕೆ ಹೋದಾಗ, ಕಣ್ಣಿನ ರೋಗದ ಕಾರಣಕ್ಕೆ ಅವರನ್ನು ಬಂದರಿನಲ್ಲೇ ತಡೆದರು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಮಟ್ಟದಲ್ಲಿ ಅಪ್ಪಣೆ ಆಗಿ, ಆಮೇಲೆ ತಿಂಗಳುಗಟ್ಟಲೆ ಊರೂರು ಸುತ್ತಿ ಸಹಕಾರದ ಬಗ್ಗೆ ಭಾಷಣ ಮಾಡಿದರು.

ಇಷ್ಟು ಜಮೆಯ ಬದಿ. ಇನ್ನು ಪುಟದ ಇನ್ನೊಂದು ಬದಿ ನೋಡಬೇಕು.

ಬರೆಯಬಾರದ್ದನ್ನು ಬರೆದದ್ದು

ಜಪಾನಿನಲ್ಲೂ ನಮ್ಮಲ್ಲಿರುವಂತೆಯೇ ಒಂದು ಹುಣ್ಣು ಇದೆ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಸತ್ತ ದನ ಸುಲಿಯುವುದು, ತೊಗಲು ಹದ ಮಾಡುವುದು, ಮರಣದಂಡನೆ ಆದಲ್ಲಿ ಕೆಲಸ ಮಾಡುವುದು, ಇಂಥ ಕೆಲಸಗಳನ್ನು ತಲೆತಲಾಂತರದಿಂದ ಹೊರಿಸಿ, ಒಂದು ವರ್ಗದ ಜನರನ್ನು ಊರಾಚೆ ಇಟ್ಟಿದ್ದರು. ಅವರನ್ನು ಬುರಾಕುಮಿನ್ ಅಂತ ಕರೆಯುತ್ತಾರೆ. ಆ ಮಾತಿನ ಅರ್ಥವನ್ನು ನಮ್ಮ ಬಾಯಿಗೆ ತಂದರೆ ಕೇರಿಯ ಜನ ಅಂತಲೇ ಆಗುತ್ತದೆ. ಬಣ್ಣದಲ್ಲಿ, ಮುಖದಲ್ಲಿ, ಮಾತಿನಲ್ಲಿ ಬೇರೆಯವರಿಗೂ ಅವರಿಗೂ ಯಾವ ವ್ಯತ್ಯಾಸವೂ ಇಲ್ಲ. 1871ರಲ್ಲಿ ಸರ್ಕಾರ ಈ ಕೀಳು ಹೆಸರುಗಳನ್ನು ರದ್ದು ಮಾಡಿತು. ಕಾಗದದಲ್ಲಿ ರದ್ದಾಯಿತೇ ಹೊರತು ಮನಸ್ಸಿನಲ್ಲಿ ಆಗಲಿಲ್ಲ. ಮದುವೆ ಸಂಬಂಧ ಕೇಳುವಾಗ, ಕೆಲಸಕ್ಕೆ ತೆಗೆದುಕೊಳ್ಳುವಾಗ ಯಾವ ಕೇರಿಯವರು ಅಂತ ವಿಚಾರಿಸುವುದು ನಿಲ್ಲಲಿಲ್ಲ. ಅಂಥ ಕೇರಿಗಳ ಹೆಸರಿನ ಪಟ್ಟಿ ಮಾಡಿ ಕಂಪನಿಗಳಿಗೆ ಗುಟ್ಟಾಗಿ ಮಾರುತ್ತಿದ್ದದ್ದು 1975ರಲ್ಲಿ ಬಯಲಾಯಿತು ಅಂದರೆ, ಹುಣ್ಣು ಎಷ್ಟು ಆಳದ್ದು ಅಂತ ಲೆಕ್ಕ ಹಾಕಬಹುದು. ಈ ತಾರತಮ್ಯ ಹೋಗಲಾಡಿಸಲು 2016ರಲ್ಲೂ ಅಲ್ಲಿ ಒಂದು ಕಾನೂನು ಮಾಡಬೇಕಾಯಿತು.

1915ರಲ್ಲಿ ಕಾಗಾವಾ ಅವರು ಬಡವರ ಮನಸ್ಸಿನ ಬಗ್ಗೆ ಒಂದು ದಪ್ಪ ಪುಸ್ತಕ ಹೊರಡಿಸಿದರು. ಕೊಳೆಗೇರಿಯಲ್ಲಿ ತಾವು ಕಂಡದ್ದನ್ನೆಲ್ಲ ಅದರಲ್ಲಿ ಬರೆದರು. ಅದೇ ಪುಸ್ತಕದಲ್ಲಿ ಬುರಾಕು ಜನರ ಬಗ್ಗೆ ಬರೆಯುತ್ತಾ, ಇವರು ಬೇರೆ ಕುಲದಿಂದ ಬಂದವರು, ಅಪರಾಧದ ಗುಣ ಇವರ ರಕ್ತದಲ್ಲೇ ಇದೆ ಅನ್ನುವ ಧಾಟಿಯಲ್ಲಿ ತೀರ್ಪು ಕೊಟ್ಟುಬಿಟ್ಟರು. ಬೀದಿಯಲ್ಲಿ ಹಂಗಿಸುವವನು ಆಡುವ ಮಾತಿಗೆ ಶಾಸ್ತ್ರದ ಅಂಗಿ ತೊಡಿಸಿದಂತಾಯಿತು. ಆ ಕಾಲದ ಎಷ್ಟೋ ಪಂಡಿತರು ಹಾಗೇ ನಂಬಿದ್ದರು ಅನ್ನೋದು ನಿಜ. ಆದರೆ ಆ ಪಂಡಿತರು ಕೇರಿಯಲ್ಲಿ ಬಾಳಿದವರಲ್ಲ. ಇವರು ಬಾಳಿದವರು. ಅವರ ಜೊತೆ ಒಂದೇ ತಟ್ಟೆಯಲ್ಲಿ ಉಂಡವರು. ತಮ್ಮನ್ನು ನಂಬಿ ಬಾಗಿಲು ತೆರೆದ ಜನರ ಮನೆಯ ಒಳಗನ್ನು ನೋಡಿ ಬಂದು, ಅವರ ಹುಟ್ಟೇ ಸರಿಯಿಲ್ಲ ಅಂತ ಬರೆದರು. ಇಟ್ಟುಕೊಂಡವಳ ಮಗ ಅಂತ ಹಂಗಿಸಿಕೊಂಡು ಅತ್ತ ಹುಡುಗನೇ ದೊಡ್ಡವನಾಗಿ ಇನ್ನೊಬ್ಬರ ಹುಟ್ಟಿಗೆ ಬೆರಳು ತೋರಿಸಿದ್ದು ನಮಗೆ ಬಹಳ ನೋವು ಕೊಟ್ಟ ಸಂಗತಿ. ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ ಇರಬೇಕು.

1922ರ ಮಾರ್ಚ್ 3ರಂದು ಕ್ಯೋಟೊ ನಗರದಲ್ಲಿ ಬುರಾಕು ಜನ ತಮ್ಮದೇ ಸಂಘ ಕಟ್ಟಿಕೊಂಡರು. ಸುಯಿಹೆಯಿಶಾ ಅಂತ ಅದರ ಹೆಸರು. ನೀರಿನ ಮಟ್ಟದ ಹಾಗೆ ಎಲ್ಲರೂ ಸಮ ಅನ್ನೋದು ಅದರ ಆಶಯ. ನಮಗೆ ಯಾರ ಕನಿಕರವೂ ಬೇಡ, ನಮ್ಮ ಬಿಡುಗಡೆ ನಾವೇ ಮಾಡಿಕೊಳ್ಳುತ್ತೇವೆ ಅಂತ ಅವರು ಸಾರಿದರು. ಅದನ್ನು ಕಟ್ಟಿದವರಲ್ಲಿ ರೈತ ಹೋರಾಟಕ್ಕೆ ಹೆಗಲು ಕೊಟ್ಟವರೂ ಇದ್ದರು. ಹಂಗಿಸಿದವರನ್ನು ಎಲ್ಲರೆದುರು ನಿಲ್ಲಿಸಿ ಜವಾಬು ಕೇಳುವುದು ಆ ಸಂಘದ ದಾರಿ. ಆ ದಾರಿ ಕಾಗಾವಾ ಅವರಿಗೆ ಹಿಡಿಸಲಿಲ್ಲ, ಅದರಲ್ಲಿ ದ್ವೇಷ ಕಂಡರು. ಪ್ರೀತಿಯಿಂದ ಎಲ್ಲ ಆಗಬೇಕು ಅನ್ನೋದು ಅವರ ವಾದ. ಒಳ್ಳೆಯ ವಾದವೇ. ಆದರೆ ಪೆಟ್ಟು ತಿಂದವನಿಗೆ ಪ್ರೀತಿಯ ಪಾಠ ಹೇಳುವ ಮೊದಲು, ಹೊಡೆದವರ ಸಾಲಿನಲ್ಲಿ ನಾನೂ ಇದ್ದೆನಾ ಅಂತ ನೋಡಿಕೊಳ್ಳಬೇಕಲ್ಲ.

ಅವರು ತೀರಿಕೊಂಡ ಮೇಲೆ 1960ರ ದಶಕದಲ್ಲಿ ಅವರ ಬರಹಗಳನ್ನೆಲ್ಲ 24 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹಳೆಯ ಮಾತುಗಳೂ ಅದರಲ್ಲಿ ಬಂದವು. ಬುರಾಕು ಸಂಘಟನೆಗಳು ಪ್ರತಿಭಟಿಸಿದವು. ಮುಂದೆ 1980ರ ದಶಕದಲ್ಲಿ ಅವರದೇ ಧರ್ಮಸಭೆಯಲ್ಲಿ ಈ ವಿಷಯ ದೊಡ್ಡ ಚರ್ಚೆಗೆ ಬಂತು. ಕೆಲವರು ಅವರ ಸೇವೆಯನ್ನು ಮುಂದಿಟ್ಟು ಈ ಮಾತು ಮರೆಯಿರಿ ಅಂದರು, ಇನ್ನು ಕೆಲವರು ಈ ಮಾತನ್ನು ಹಿಡಿದು ಸೇವೆಯನ್ನೇ ಅಳಿಸಿರಿ ಅಂದರು.

ಯುದ್ಧದ ಕಾಲ ಮತ್ತು ಗಾಂಧೀಜಿಯ ತಕ್ಕಡಿ

ಕಾಗಾವಾ ಅವರು ನಮ್ಮ ದೇಶಕ್ಕೂ ಬಂದಿದ್ದರು. 1938ರ ಡಿಸೆಂಬರಿನಲ್ಲಿ ಮದರಾಸಿನ ಹತ್ತಿರದ ತಾಂಬರಂನಲ್ಲಿ ನಡೆದ ಕ್ರೈಸ್ತ ಸಮ್ಮೇಳನಕ್ಕೆ ಬಂದವರು, 1939ರ ಜನವರಿಯಲ್ಲಿ ಬಾರ್ಡೋಲಿಗೆ ಹೋಗಿ ಗಾಂಧೀಜಿಯವರನ್ನು ಕಂಡರು. ಆಗ ಜಪಾನ್ ಚೀನಾದ ಮೇಲೆ ದಂಡೆತ್ತಿ ಹೋಗಿತ್ತು. ಕಾಗಾವಾ ಅವರಿಗೆ ಯುದ್ಧ ಮನಸ್ಸಿಗೆ ಬಾರದು, ಬಾಯಿ ಬಿಟ್ಟು ಹೇಳಿದರೆ ಕಟ್ಟಿದ ಸಂಘಗಳೆಲ್ಲ ಮುಳುಗುತ್ತವೆ ಅನ್ನೋ ಅಂಜಿಕೆ. ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಗಾಂಧೀಜಿ ಮುಲಾಜು ನೋಡಲಿಲ್ಲ. ಸಹಕಾರ ಸಂಘಗಳನ್ನೂ ಉಳಿದ ಎಲ್ಲ ಕೆಲಸವನ್ನೂ ತಕ್ಕಡಿಯ ಒಂದು ತಟ್ಟೆಗೆ ಹಾಕಿ, ದೇಶದ ಮರ್ಯಾದೆಯನ್ನು ಇನ್ನೊಂದು ತಟ್ಟೆಗೆ ಹಾಕಿ ತೂಗಬೇಕು, ಮರ್ಯಾದೆ ಹೋಗುತ್ತಿದೆ ಅಂತ ಕಂಡರೆ ಪ್ರಾಣ ಹೋದರೂ ಸತ್ಯ ಹೇಳಿಬಿಡಬೇಕು ಅನ್ನುವ ಅರ್ಥದ ಉತ್ತರ ಕೊಟ್ಟರು.

ಕಾಗಾವಾ ಅವರು ಅರ್ಧ ದಾರಿ ನಡೆದರು. ಜಪಾನ್ ಮಾಡಿದ ಅನ್ಯಾಯಕ್ಕೆ ಚೀನೀಯರ ಕ್ಷಮೆ ಕೇಳಿದ ಕಾರಣಕ್ಕೆ 1940ರ ಆಗಸ್ಟಿನಲ್ಲಿ ಸೇನಾ ಪೊಲೀಸರು ಅವರನ್ನು ಹಿಡಿದು ಜೈಲಿಗೆ ಹಾಕಿದರು. ಅದು ಅವರ ದೊಡ್ಡತನ. ಆದರೆ ಯುದ್ಧದ ಕೊನೆಯ ವರ್ಷಗಳಲ್ಲಿ ಅವರೇ ಆಕಾಶವಾಣಿಯಲ್ಲಿ ಅಮೆರಿಕವನ್ನು ಹಳಿದು, ತಮ್ಮ ಸರ್ಕಾರಕ್ಕೆ ಅನುಕೂಲವಾಗುವಂತೆ ಮಾತನಾಡಿದರು. ಮೊದಲು ಹೇಳಿದ ಮಾತಿಗೆ ಕೊನೆತನಕ ನಿಲ್ಲಲಾಗಲಿಲ್ಲ.

ಯುದ್ಧ ಮುಗಿದ ಮೇಲೆ ಮತ್ತೆ ಸಹಕಾರದ ಕೆಲಸಕ್ಕೇ ಬಂದರು. 1951ರಲ್ಲಿ ಇಡೀ ಜಪಾನಿನ ಬಳಕೆದಾರರ ಸಹಕಾರ ಸಂಘಗಳ ಒಕ್ಕೂಟ ಆದಾಗ ಅವರೇ ಮೊದಲ ಅಧ್ಯಕ್ಷರು. ನೊಬೆಲ್ ಪ್ರಶಸ್ತಿಗೂ ಅವರ ಹೆಸರು ಹಲವು ಸಲ ಹೋಗಿತ್ತು. 1960ರ ಏಪ್ರಿಲ್ 23ರಂದು ಟೋಕಿಯೊದಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ನೆಟ್ಟ ಎರಡು ಸಂಘಗಳು 1962ರಲ್ಲಿ ಒಂದಾದವು, 1991ರಿಂದ ಕೋ-ಆಪ್ ಕೋಬೆ ಅಂತ ಹೆಸರು ಪಡೆದವು. ಸದಸ್ಯರು 10 ಲಕ್ಷಕ್ಕೂ ಮೀರಿದರು. 1995ರ ಜನವರಿ 17ರಂದು ಕೋಬೆಯಲ್ಲಿ ಭಯಂಕರ ಭೂಕಂಪ ಆದಾಗ ಸಂಘದ ಮುಖ್ಯ ಕಚೇರಿಯೇ ಕುಸಿಯಿತು. ಆದರೂ ಸಿಬ್ಬಂದಿ ಎದೆಗುಂದದೆ, ನಗರಸಭೆಯ ಜೊತೆ ಮೊದಲೇ ಮಾಡಿಕೊಂಡಿದ್ದ ಒಪ್ಪಂದದಂತೆ ಸಂತ್ರಸ್ತರಿಗೆ ಸಾಮಾನು ಒದಗಿಸಿದರು. ಬಿತ್ತಿದವರು ಹೋದರೂ ಬೆಳೆ ನಿಂತಿತು.

ನಮ್ಮ ತೀರ್ಮಾನ

ಈಗ ಸಮಿತಿಯ ಚರ್ಚೆಗೆ ಬರೋಣ. ಇಷ್ಟು ಒಳ್ಳೇದು ಮಾಡಿದವರ ಒಂದು ತಪ್ಪನ್ನು ವಜಾ ಹಾಕಿಕೊಳ್ಳಬಾರದೇ ಅನ್ನೋದು ಹಿರಿಯರ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಸಂಘದ ಲೆಕ್ಕ ಪುಸ್ತಕದಲ್ಲೇ. ಒಬ್ಬ ಸದಸ್ಯರ ಖಾತೆಯಲ್ಲಿ ಠೇವಣಿ ಇದೆ ಅಂತ ಇನ್ನೊಬ್ಬ ಸದಸ್ಯರಿಗೆ ಸಲ್ಲಬೇಕಾದ ಬಾಕಿಯನ್ನು ಹೊಡೆದುಹಾಕಲು ಬರುತ್ತದೆಯೇ? ಆಡಿಟ್‌ನಲ್ಲಿ ಒಪ್ಪುತ್ತಾರೆಯೇ? ಕಾಗಾವಾ ಅವರಿಂದ ಹಡಗು ಕಟ್ಟೆಯ ಕಾರ್ಮಿಕರಿಗೆ, ಗೇಣಿ ರೈತರಿಗೆ, ಅಂಗಡಿಗೆ ಬಂದ ಗೃಹಿಣಿಯರಿಗೆ ಉಪಕಾರವಾಯಿತು. ಅದು ಅವರ ಖಾತೆ. ಬುರಾಕು ಜನರಿಗೆ ಆದ ಅಪಮಾನ ಬೇರೆ ಖಾತೆ. ಆ ಬಾಕಿಯನ್ನು ಮನ್ನಾ ಮಾಡುವ ಹಕ್ಕು ಇದ್ದರೆ ಅದು ಬುರಾಕು ಜನರಿಗೆ ಮಾತ್ರ. ಉಪಕಾರ ಪಡೆದವರಿಗೂ ಇಲ್ಲ, ದೂರದಲ್ಲಿ ಕೂತು ಮೆಚ್ಚುವ ನಮಗೂ ಇಲ್ಲ. ಹಾಗೆಯೇ ಬಾಕಿ ಇದೆ ಅಂತ ಜಮೆಯ ಪುಟವನ್ನು ಹರಿದುಹಾಕುವುದೂ ಲೆಕ್ಕದ ಕ್ರಮ ಅಲ್ಲ. ಕೂಸನ್ನು ಉಳಿಸಿದ್ದು ಉಳಿಸಿದ್ದೇ. ಎರಡೂ ಪುಟ ಇರಬೇಕು, ಎರಡನ್ನೂ ಓದಬೇಕು.

ಇದನ್ನೆಲ್ಲ ದೂರದ ಜಪಾನಿನ ಮಾತು ಅಂತ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಮ್ಮ ಸಂಘದ ಬೈಲಾದಲ್ಲಿ ಮೊದಲ ದಿನದಿಂದಲೂ ಒಬ್ಬ ಸದಸ್ಯನಿಗೆ ಒಂದೇ ಮತ ಅಂತಲೇ ಇದೆ. ಆದರೆ ಮೊದಲ ಮಹಾಸಭೆಯ ದಿನ ಚಹಾದ ಲೋಟ ಮಾತ್ರ ಎರಡು ನಮೂನೆ ಇದ್ದವು. ಕೇರಿಯ ಸದಸ್ಯರು ಷೇರು ಹಣ ತಂದಾಗ ಕಟ್ಟೆಯ ಕೆಳಗೇ ನಿಂತು ರಸೀದಿ ಪಡೆದು ಹೋದದ್ದನ್ನು ನಾವೇ ಕಣ್ಣಾರೆ ಕಂಡವರು. ಯಾರೂ ಹೋಗಿ ಅಂತ ಹೇಳಿರಲಿಲ್ಲ, ಯಾರೂ ಬನ್ನಿ ಅಂತಲೂ ಹೇಳಲಿಲ್ಲ. ಸಂಘ ಕಟ್ಟಿದ ನಮ್ಮ ಹಿರಿಯರ ಶ್ರಮ ದೊಡ್ಡದು, ಈ ಸಂಚಿಕೆಯ ತುಂಬ ಅವರ ಗುಣಗಾನ ಇದೆ, ಅದು ಇರಬೇಕಾದದ್ದೇ. ಆದರೆ ಎರಡು ಲೋಟದ ಸಂಗತಿ 25 ವರ್ಷದಲ್ಲಿ ಯಾವ ವರದಿಯಲ್ಲೂ ಬಂದಿಲ್ಲ. ಈ ಲೇಖನದಲ್ಲಿ ಬರಲಿ ಅಂತ ಸಮಿತಿಯಲ್ಲಿ ಕೊನೆಗೆ ಒಪ್ಪಿದವರು, ಹಬ್ಬದಲ್ಲಿ ಇದೆಲ್ಲ ಯಾಕೆ ಅಂತ ಮೊದಲು ಕೇಳಿದ ಆ ಹಿರಿಯರೇ. ಆ ದಿನ ಚಹಾ ಹಂಚಿದವರು ತಾವೇ ಅಂತಲೂ ಅವರು ಹೇಳಿದರು.

ಈ ಸಲದ ಬೆಳ್ಳಿ ಹಬ್ಬದ ಊಟಕ್ಕೆ ಒಂದೇ ಪಂಕ್ತಿ, ಒಂದೇ ನಮೂನೆ ಲೋಟ. ಎಲ್ಲ ಸದಸ್ಯರೂ ಕುಟುಂಬ ಸಮೇತ ಬಂದು ಕಟ್ಟೆಯ ಮೇಲೆ ಕೂತು ಹಬ್ಬವನ್ನು ಚಂದಗಾಣಿಸಿಕೊಡಬೇಕಾಗಿ ಕೇಳಿಕೊಳ್ಳುತ್ತೇವೆ.